ತೇಜಿ ಹಿಡಿದ ಮೇಷ್ಟ್ರು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ವಿದೇಶಿ ಕಂಪನಿಗಳು ತಮ್ಮ ಷೇರುಗಳನ್ನು ನಮ್ಮವರಿಗೂ ಹಂಚಬೇಕೆಂದು ಸರ್ಕಾರ ಹೇಳಿದ ಮೇಲೆ, ರಾಜಾಜಿನಗರದ ನಮ್ಮಂಥ ಸಂಬಳದವರ ಮನೆಗಳಲ್ಲೂ ಷೇರಿನ ಮಾತು ಶುರುವಾಗಿತ್ತು. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಲೆಕ್ಕ ಹೇಳಿಕೊಡುವವನಿಗೆ ಲೆಕ್ಕ ತಪ್ಪುವುದಿಲ್ಲ ಎಂದು ದೃಢವಾಗಿ ನಂಬಿದ್ದವನು.

ವಿಜಯನಗರದಲ್ಲಿದ್ದ ನನ್ನ ಭಾವಮೈದ ಕಾರ್ಖಾನೆಯ ಬೋನಸ್ಸಿನಲ್ಲಿ, ಇಪ್ಪತ್ತು ರೂಪಾಯಿಗೊಂದರಂತೆ ಅಂಥ ಒಂದು ಕಂಪನಿಯ ಇಪ್ಪತ್ತೈದು ಷೇರು ಕೊಂಡು ಟ್ರಂಕಿನಲ್ಲಿಟ್ಟ. ನನಗೆ ಅದು ತೀರಾ ಸಪ್ಪೆ ಎನಿಸಿತು. ನಮ್ಮ ಹಿಂದಿನ ಬೀದಿಯ ನಿವೃತ್ತ ಇಂಜಿನಿಯರರ ಬಳಿಯೂ ಅದೇ ಕಂಪನಿಯ ಷೇರುಗಳಿದ್ದವು. ಅವರು ಮುಂಬಯಿಯಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿ ತೇಜಿ ಎಂಬ ಪದ್ಧತಿಯಿದೆ ಎಂದರು. ಷೇರಿಗೆ ಒಂದು ರೂಪಾಯಿ ಈಗ ಕೊಟ್ಟರೆ, ಮೂರು ತಿಂಗಳೊಳಗೆ ಯಾವಾಗ ಬೇಕಾದರೂ ಇವತ್ತಿನ ಇಪ್ಪತ್ತರ ದರಕ್ಕೇ ಕೊಳ್ಳುವ ಹಕ್ಕು ನನ್ನದು. ದರ ಬಿದ್ದರೆ ಕೊಳ್ಳದೆ ಸುಮ್ಮನಿರಬಹುದು. ಕೊಟ್ಟ ರೂಪಾಯಿ ಮಾತ್ರ ಹೋಗುತ್ತದೆ. ಇಂಥದ್ದಕ್ಕೆ ಕಾನೂನಿನ ಒಪ್ಪಿಗೆಯಿಲ್ಲವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇನ್ನೂರು ರೂಪಾಯಿ ಕೊಟ್ಟು ಇನ್ನೂರು ಷೇರಿನ ತೇಜಿ ಹಿಡಿದೆ.

ಮುಂದಿನ ತಿಂಗಳು ದರ ಹದಿನಾರಕ್ಕೆ ಇಳಿಯಿತು. ಭಾನುವಾರ ವಿಜಯನಗರಕ್ಕೆ ಹೋಗಿ, ನೂರು ರೂಪಾಯಿ ಕಳೆದುಕೊಂಡ ಭಾವಮೈದನಿಗೆ ಸಮಾಧಾನ ಹೇಳಿದೆ. ಹುಷಾರಾದವನು ಹೇಗೆ ವ್ಯವಹಾರ ಮಾಡಬೇಕೆಂದು ಊಟ ಮುಗಿಯುವವರೆಗೂ ವಿವರಿಸಿದೆ. ಅವನ ನೂರು ಇನ್ನೂ ಕಾಗದದ ಮೇಲಿನ ನಷ್ಟ, ನನ್ನ ಇನ್ನೂರು ಆಗಲೇ ಇಂಜಿನಿಯರರ ಜೇಬು ಸೇರಿದೆ ಎಂಬುದು ಗಣಿತದ ಮೇಷ್ಟ್ರಿಗೆ ಹೊಳೆಯಲೇ ಇಲ್ಲ.

ಮೂರನೆಯ ತಿಂಗಳ ಕೊನೆಗೆ ದರ ಇಪ್ಪತ್ತೇಳಕ್ಕೆ ಏರಿತು. ಇಂಜಿನಿಯರರ ಮನೆಗೆ ಓಡಿದೆ. ಅವರು ಕಾಫಿ ತರಿಸಿದರು.

"ಷೇರು ರೆಡಿ ಇದೆ ಮೇಷ್ಟ್ರೇ. ನಾಲ್ಕು ಸಾವಿರ ತಂದಿದೀರಾ?"

ಅಲ್ಲಿಯವರೆಗೆ ಆ ನಾಲ್ಕು ಸಾವಿರದ ಯೋಚನೆಯೇ ನನಗೆ ಬಂದಿರಲಿಲ್ಲ. ನನ್ನ ಸಂಬಳ ಐನೂರನ್ನೂ ಮುಟ್ಟುತ್ತಿರಲಿಲ್ಲ. ಷೇರು ನಿಮ್ಮಲ್ಲೇ ಇರಲಿ, ಏರಿದ ಏಳೇಳು ರೂಪಾಯಿಯನ್ನಷ್ಟೇ ಕೊಟ್ಟುಬಿಡಿ ಎಂದು ಕೇಳಿದೆ. ಅಂಥ ಮಾತು ನಾವು ಆಡಿರಲಿಲ್ಲವಲ್ಲ ಎಂದರು. ಆಡಿರಲಿಲ್ಲ, ನಿಜ.

ಗಡುವು ಮರುದಿನಕ್ಕೇ ಮುಗಿಯುತ್ತಿತ್ತು. ಬೀದಿಯಲ್ಲಿ ಯಾರನ್ನು ಸಾಲ ಕೇಳಿದರೂ ಇಲ್ಲವೆಂದು ಕೈಯಲ್ಲಾಡಿಸಿದರು. ಹೆಂಡತಿ, ನಾನು ಬಾಯಿ ತೆರೆಯುವ ಮೊದಲೇ, ಬಳೆ ಮಾತ್ರ ಕೊಡುವುದಿಲ್ಲ ಎಂದಳು. ಕೊನೆಗೆ ಬಸ್ಸು ಹತ್ತಿ ವಿಜಯನಗರಕ್ಕೇ ಹೋದೆ. ಭಾವಮೈದ ಎಲ್ಲವನ್ನೂ ಕೇಳಿಸಿಕೊಂಡು, ನಗು ತಡೆದುಕೊಳ್ಳುತ್ತಾ ಒಳಗೆ ಹೋಗಿ ಆರುನೂರು ತಂದ.

"ಇಷ್ಟೇ ಇರೋದು ಭಾವ. ಮೂವತ್ತು ಷೇರಾದ್ರೂ ಬಿಡಿಸ್ಕೊಳ್ಳಿ."

ಇಂಜಿನಿಯರರು ದೊಡ್ಡ ಮನಸ್ಸು ಮಾಡಿ ಮೂವತ್ತು ಕೊಟ್ಟರು. ಮಾರಿದಾಗ ಇನ್ನೂರ ಹತ್ತು ಹೆಚ್ಚಿಗೆ ಬಂತು. ತೇಜಿಯ ಇನ್ನೂರು ಕಳೆದರೆ ಹತ್ತು. ಆ ಹತ್ತನ್ನು ದಲ್ಲಾಳಿಯ ಕಮಿಷನ್ನೂ ಬಸ್ ಚಾರ್ಜೂ ಹಂಚಿಕೊಂಡವು. ಭಾವಮೈದ ತನ್ನ ಷೇರುಗಳನ್ನು ಮಾರಲೇ ಇಲ್ಲ.

ಮುಂದಿನ ವಾರ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು, ತೇಜಿ ಅಂದರೇನು ಎಂದು ಕೇಳಿದರು. ಸೀಮೆಸುಣ್ಣ ಹಿಡಿದು ಎದ್ದವನು ಗಂಟೆ ಹೊಡೆಯುವವರೆಗೂ ವಿವರಿಸಿದೆ. ನಾಲ್ಕು ಸಾವಿರದ ವಿಷಯಕ್ಕೆ ಹೋಗಲಿಲ್ಲ.