ಅರ್ಜಿ ಹಾಕಿದ ತಪ್ಪಿಗೆ

ನಮ್ಮ ಮನೆಯ ಬಾಗಿಲಿಗೆ ಪಂಚಾಯ್ತಿಯವರು ನೋಟಿಸು ಅಂಟಿಸಿ ಹೋಗಿದ್ದರು. ಗೋಂದು ಇನ್ನೂ ಹಸಿಯಾಗಿತ್ತು. ಅನುಮತಿ ಇಲ್ಲದೆ ಮನೆಯನ್ನು ದಿನಬಾಡಿಗೆಗೆ ಕೊಡುತ್ತಿರುವುದು ಮತ್ತು ತಪಾಸಣೆಗೆ ಬಂದ ಅಧಿಕಾರಿಗೆ ಸುಳ್ಳು ಮಾಹಿತಿ ನೀಡಿರುವುದು ಕಂಡುಬಂದಿದೆ, ಆದ್ದರಿಂದ ಮಹಡಿಯ ಎರಡು ಕೋಣೆಗಳನ್ನು ವಾರದೊಳಗೆ ಮುಚ್ಚತಕ್ಕದ್ದು ಎಂದಿತ್ತು. ಓದಿ ಮೈಯೆಲ್ಲ ಉರಿದುಹೋಯಿತು. ಅನುಮತಿ ಕೊಡಿ ಸ್ವಾಮಿ ಎಂದು ನಾಲ್ಕು ತಿಂಗಳಿಂದ ಅದೇ ಪಂಚಾಯ್ತಿಗೆ ಅಲೆದು ಚಪ್ಪಲಿ ಸವೆಸಿದವಳು ನಾನು!

ಆ ಕೋಣೆಗಳು ಹೋದರೆ ನನ್ನದು ಅಂತ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಸೊಂಟ ಹಾಳಾದ ಮೇಲೆ ಕೆಲಸ ಬಿಟ್ಟಿದ್ದೆ. ನಮ್ಮ ಮಹಡಿ ಮೇಲೆ ನಿಂತರೆ ಶಿವಗಂಗೆ ಬೆಟ್ಟ ಎದುರಿಗೇ ಕಾಣುತ್ತದೆ. ಬೆಳಿಗ್ಗೆ ಬೇಗ ಬೆಟ್ಟ ಹತ್ತಬೇಕೆನ್ನುವವರು ಹಿಂದಿನ ದಿನವೇ ಬಂದು ಉಳಿಯಲು ಜಾಗ ಹುಡುಕುತ್ತಾರೆ. ಕೋಣೆಗಳಿಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಫೋಟೋ ತೆಗೆದು ಫೋನಿನ ಆ್ಯಪಿಗೆ ಹಾಕಿದ್ದು ನಾನೇ. ಜನ ಫೋನಿನಲ್ಲೇ ಬುಕ್ ಮಾಡಿಕೊಂಡು ಬರುತ್ತಿದ್ದರು, ಒಂದೆರಡು ದಿನ ಇದ್ದು ಹೋಗುತ್ತಿದ್ದರು. ಸೂಪರ್‌ವೈಸರ್ ಬೈಗುಳವಿಲ್ಲದೆ ನಾನು ಮಾಡಿದ ಮೊದಲ ಕೆಲಸ ಅದು.

ದಿನಬಾಡಿಗೆಗೆ ಮನೆ ಕೊಡುವವರು ಪಂಚಾಯ್ತಿಯಿಂದ ಪರವಾನಗಿ ಪಡೆಯಬೇಕು ಎಂದು ಸಾರಿದಾಗ ಊರಿನಲ್ಲಿ ಮೊದಲು ಅರ್ಜಿ ಹಾಕಿದವಳೂ ನಾನೇ. ನಿಯಮ ಬೇಡ ಎನ್ನುವವಳಲ್ಲ ನಾನು. ಬಂದವರು ಯಾರು ಎಂದು ಊರಿಗೆ ಗೊತ್ತಿರಬೇಕು, ಕಸ ರಸ್ತೆಗೆ ಬೀಳಬಾರದು, ಇದೆಲ್ಲ ನ್ಯಾಯವೇ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತನ್ನಿ ಎಂದರು, ತಂದು ಅಡುಗೆಮನೆಯ ಗೋಡೆಗೆ ನೇತುಹಾಕಿದೆ. ಕ್ಯಾಮೆರಾ ಎಂದರು, ಹಾಕಿಸಿದೆ. ಮನೆ ಅತ್ತೆಯ ಹೆಸರಿನಲ್ಲಿದೆ, ಅವರ ಒಪ್ಪಿಗೆ ಬೇಕು ಎಂದರು, ಅದನ್ನೂ ಬರೆಸಿಕೊಟ್ಟೆ. ಪ್ರತಿ ಸಲ ಹೋದಾಗಲೂ ಅವರಿಗೆ ಇನ್ನೊಂದು ಕಾಗದದ ನೆನಪಾಗುತ್ತಿತ್ತು.

ನಮ್ಮ ಮನೆಯಿಂದ ಮುಂದಿನ ತಿರುವಿನಲ್ಲಿ ಎತ್ತರದ ಕಾಂಪೌಂಡಿನ ಒಂದು ವಿಲ್ಲಾ ಇದೆ, ಅದೂ ದಿನಬಾಡಿಗೆಯದೇ. ಒಳಗೆ ಈಜುಕೊಳ. ಶನಿವಾರ ಮಧ್ಯಾಹ್ನ ಬೆಂಗಳೂರಿನ ಕಾರುಗಳು ಸಾಲಾಗಿ ಬಂದು ನಿಂತರೆ ಅಲ್ಲಿನ ಸ್ಪೀಕರ್ ಶಬ್ದಕ್ಕೆ ನಮ್ಮ ಪಾತ್ರೆ ಸ್ಟ್ಯಾಂಡು ಅದುರುತ್ತದೆ. ಸೋಮವಾರ ಅವರ ಬಾಟಲಿಗಳು ನಮ್ಮ ರಾಗಿ ಹೊಲದ ಬದುವಿನ ಮೇಲೆ. ಅದಕ್ಕೆ ಬೋರ್ಡೂ ಇಲ್ಲ, ಪರವಾನಗಿಯೂ ಇಲ್ಲ, ನೋಟಿಸಂತೂ ಮೊದಲೇ ಇಲ್ಲ.

ಇನ್ನು ನನ್ನ ಅತ್ತೆಯ ವಿಷಯ ಹೇಳಬೇಕು. ಎಪ್ಪತ್ತು ದಾಟಿದವರು. ಬೆಟ್ಟಕ್ಕೆ ಹೋಗುವವರು ನಮ್ಮ ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಹೋಗುವುದು ಅವರು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಇದ್ದ ರೂಢಿ. ನಾನು ಕೋಣೆ ಬಾಡಿಗೆಗೆ ಕೊಡುವುದು ಅವರಿಗೆ ಗೊತ್ತಿತ್ತು, ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದ್ದರು. ಆದರೆ ನಮ್ಮ ಮನೆಯಲ್ಲಿ ಉಂಡವರ ಹತ್ತಿರ ದುಡ್ಡು ತೆಗೆದುಕೊಳ್ಳುತ್ತೇವೆ ಎಂದು ಮೂರನೆಯವರ ಮುಂದೆ ಒಪ್ಪಿಕೊಳ್ಳಲು ಅವರಿಗೆ ಪ್ರಾಣ ಹೋದಷ್ಟು ನಾಚಿಕೆ. ಅದಕ್ಕೇ ಊಟಕ್ಕೆ ನಾವು ಬೇರೆ ದುಡ್ಡು ಹಾಕುತ್ತಿರಲಿಲ್ಲ. ಅತ್ತೆ ಬಂದವರನ್ನು ಕೂರಿಸಿಕೊಂಡು ಯಾವೂರು, ಯಾರ ಪೈಕಿ ಎಂದು ಕೆದಕಿ ಕೆದಕಿ, ಕೊನೆಗೆ ಒಂದು ಎಳೆ ಸಂಬಂಧ ಹುಡುಕಿಬಿಡುತ್ತಿದ್ದರು. ಆಮೇಲೆ ಅವರು ನೆಂಟರೇ.

ನೋಟಿಸು ಬರುವ ಮೊದಲಿನ ಮಂಗಳವಾರ ನಾನು ನೆಲಮಂಗಲಕ್ಕೆ ಹೋಗಿದ್ದೆ. ಪಂಚಾಯ್ತಿಯವರೇ ಕೇಳಿದ್ದ ಇನ್ನೊಂದು ಅಫಿಡವಿಟ್ಟಿಗೆ ನೋಟರಿ ಹತ್ತಿರ ಮುದ್ರೆ ಹಾಕಿಸಲು. ನಾಲ್ಕು ತಿಂಗಳು ಬಾರದ ಅಧಿಕಾರಿ ಅವತ್ತೇ ಬಂದರು. ಮನೆಯಲ್ಲಿ ಅತ್ತೆ, ಜೊತೆಗೆ ಮಹಡಿಯಲ್ಲಿ ಇಳಿದುಕೊಂಡಿದ್ದ ಗಂಡ ಹೆಂಡತಿ. ನಡೆದದ್ದನ್ನು ಅತ್ತೆಯೇ ಆಮೇಲೆ ನನಗೆ ಹೆಮ್ಮೆಯಿಂದ ಹೇಳಿದರು.

"ಇವ್ರು ಯಾರಜ್ಜಿ?" ಎಂದು ಅಧಿಕಾರಿ ಕೇಳಿದರಂತೆ.

"ನಮ್ ನೆಂಟ್ರು ಕಣಪ್ಪಾ."

"ಬಾಡಿಗೆ ಕೊಡ್ತಾರಾ?"

"ಅಯ್ಯೋ, ನೆಂಟ್ರತ್ರ ಯಾರಾದ್ರೂ ಬಾಡಿಗೆ ಇಸ್ಕೊಂತಾರಾ? ಬಿಸ್ಲಲ್ಲಿ ಬಂದಿದೀಯ, ಕೈ ತೊಳ್ಕೊ, ಊಟ ಮಾಡು."

ಆ ಮನುಷ್ಯ ಕೂತು ಎರಡು ಮುದ್ದೆ, ಅವರೆಕಾಳು ಸಾರು, ಮೇಲೆ ಅನ್ನ ಮೊಸರು ಉಂಡರು. ಉಂಡು ಕೈ ತೊಳೆದು ಮಹಡಿಗೆ ಹತ್ತಿ, ಆ ದಂಪತಿಯ ಫೋನಿನಲ್ಲಿದ್ದ ಬುಕಿಂಗನ್ನು ನೋಡಿ, ಫೋಟೋ ಹಿಡಿದು, ಬಾಡಿಗೆದಾರರನ್ನು ನೆಂಟರೆಂದು ಮರೆಮಾಚಲಾಗಿದೆ ಎಂದು ವರದಿ ಬರೆದರು. ತೇಗು ನಿಲ್ಲುವ ಮೊದಲೇ ಬರೆದಿರಬೇಕು.

ನೋಟಿಸು ಹಿಡಿದು ಪಂಚಾಯ್ತಿಗೆ ಹೋದೆ. ನಮ್ಮ ಮನೆಯಲ್ಲಿ ಉಂಡು ಹೋದ ಅಧಿಕಾರಿಯೇ ಮೇಜಿನ ಹಿಂದೆ ಕೂತಿದ್ದರು. "ಸಾರ್, ಬಾಡಿಗೆಗೆ ಕೊಡ್ತೀನಿ ಅಂತ ನಾನೇ ಅರ್ಜಿ ಹಾಕಿದೀನಿ. ಮುಚ್ಚಿಡೋಳಾದ್ರೆ ಯಾಕೆ ಹಾಕ್ತಿದ್ದೆ?"

"ನಾನೇನ್ ಮಾಡ್ಲಮ್ಮಾ? ನೆಂಟ್ರು, ಬಾಡಿಗೆ ಇಲ್ಲ ಅಂತ ಓನರ್ರೇ ಬಾಯ್ಬಿಟ್ಟು ಹೇಳವ್ರೆ."

"ಆ ತಿರುವಿನ ವಿಲ್ಲಾಗೆ ಯಾವತ್ತಾದ್ರೂ ಹೋಗಿದೀರಾ?"

"ಅದ್ರದ್ದು ಅರ್ಜೀನೇ ಬಂದಿಲ್ವಲ್ಲ. ಅರ್ಜಿ ಇದ್ರೆ ಫೈಲು, ಫೈಲ್ ಇದ್ರೆ ತಪಾಸಣೆ. ಸುಮ್‌ಸುಮ್ನೆ ಒಬ್ರ ಗೇಟ್ ತಟ್ಟಕ್ಕಾಯ್ತದಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಬಾಗಿಲು ತೆರೆದಿಟ್ಟವರ ಮನೆಗೆ ಕಾನೂನು ನುಗ್ಗುತ್ತದೆ, ಗೇಟು ಹಾಕಿಕೊಂಡವರ ಮುಂದೆ ತಲೆತಗ್ಗಿಸಿ ಹೋಗುತ್ತದೆ. ಮೇಜಿನ ಮೇಲಿದ್ದ ಫೈಲುಗಳನ್ನೆಲ್ಲ ಎತ್ತಿ ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ನನಗೆ ಕೋಣೆ ಬೇಕಿತ್ತು.

ದಾರಿ ಒಂದೇ ಎಂದರು. ಅತ್ತೆ ಖುದ್ದಾಗಿ ಬಂದು, ಅವತ್ತು ಹೇಳಿದ್ದು ಸುಳ್ಳು, ಮನೆಯಲ್ಲಿ ಇಳಿದುಕೊಳ್ಳುವವರು ನಮಗೆ ಯಾವ ರೀತಿಯಲ್ಲೂ ಸಂಬಂಧಿಕರಲ್ಲ, ಬಾಡಿಗೆಗೆ ಬರುವವರು ಎಂದು ಬರೆದುಕೊಡಬೇಕು. ನಾನು ಅತ್ತೆಗೆ ಹೇಳಿದೆ. ಅವರು ಒಲ್ಲೆ ಎಂದರು. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಮೂರನೆಯ ದಿನ ನನಗೂ ರೇಗಿ, "ನಿಮ್ಮ ಮರ್ಯಾದೆಗೆ ನನ್ ಕೆಲಸ ಹೋಗ್ಲಾ ಅತ್ತೆ?" ಎಂದು ಕೂಗಿಬಿಟ್ಟೆ. ಅವರು ಎದ್ದು ಒಳ್ಳೆಯ ಸೀರೆ ಉಟ್ಟುಕೊಂಡು ಬಂದು, "ನಡಿ" ಎಂದರು.

ಕಚೇರಿಯಲ್ಲಿ ಅಧಿಕಾರಿ ಕಾಗದವನ್ನು ಮುಂದಿಟ್ಟರು. ಅತ್ತೆ ಪೆನ್ನು ಹಿಡಿದು ಅವರ ಮುಖ ನೋಡಿದರು. "ಬಂದೋರು ಯಾರೂ ನಮ್ಗೆ ಏನೂ ಆಗ್ಬೇಕಿಲ್ಲ ಅಂತ ಬರ್ಕೊಡ್ಬೇಕು, ಅಷ್ಟೇ ತಾನೆ? ಅವತ್ತು ಉಂಡ್ಯಲ್ಲಪ್ಪಾ, ನಿನ್ನನ್ನೂ ಇದ್ರಾಗೆ ಸೇರಿಸ್ಲಾ?"

ಅಧಿಕಾರಿ ಫೈಲಿನೊಳಗೆ ತಲೆ ಹುದುಗಿಸಿದರು. "ಸೈನ್ ಮಾಡಜ್ಜಿ, ಟೈಮಾಯ್ತು" ಎಂದರು. ಅತ್ತೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು.

ಹದಿನೈದು ದಿನಕ್ಕೆ ಪರವಾನಗಿ ಬಂತು. ಕಟ್ಟು ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದೇನೆ. ವಿಲ್ಲಾದಲ್ಲಿ ಈ ಶನಿವಾರವೂ ಸ್ಪೀಕರ್ ಕೂಗಿತು. ನನ್ನ ಕೋಣೆಗಳು ಉಳಿದವು, ಅದಕ್ಕೆ ಸಂತೋಷಪಡಬೇಕೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅತ್ತೆ ಈಗಲೂ ಅಡುಗೆ ಮಾಡುತ್ತಾರೆ, ಆದರೆ ಬಡಿಸಲು ಬರುವುದಿಲ್ಲ, ಈಗ ಬಡಿಸುವುದು ನಾನು. ಮೊನ್ನೆ ತುಮಕೂರಿನ ಕಡೆಯ ಒಂದು ಕುಟುಂಬ ಬೆಟ್ಟ ಇಳಿದು ಬಂದು ಹೊರಡುವ ತಯಾರಿಯಲ್ಲಿತ್ತು. ಆ ಮನೆಯ ಸೊಸೆ ಅತ್ತೆಯ ಹತ್ತಿರ ಹೋಗಿ, "ಆಶೀರ್ವಾದ ಮಾಡಜ್ಜಿ" ಎಂದು ಕಾಲಿಗೆ ಬೀಳಲು ಬಗ್ಗಿದಳು. ಅತ್ತೆ ಥಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ ಕಣಮ್ಮ. ನೀವು ನಮ್ಗೆ ಏನೂ ಆಗ್ಬೇಕಿಲ್ಲ ಅಂತ ನಾನು ಸೈನ್ ಹಾಕ್ಕೊಟ್ಟಿದೀನಿ."