ಗೇಟಿನ ಬಳಿ ಸಿಕ್ಕ ಕೆನಡಾ

ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಓದುತ್ತಿದ್ದಾಗ ನನ್ನ ಸಂಶೋಧನೆ ಕೆನಡಾದ ಸರ್ಕಾರಿ ವೈದ್ಯಕೀಯ ವ್ಯವಸ್ಥೆಯ ಮೇಲೆ. ಟೊರಾಂಟೊದಲ್ಲಿ ಬಹಳ ವರ್ಷ ಇದ್ದು, ಆಮೇಲೆ ನ್ಯೂಜಿಲೆಂಡಿನದೇ ಪಾಪಕುರಾ ಊರಿಗೆ ಬಂದು ನೆಲೆಸಿದ್ದ ದಾವಣಗೆರೆಯ ಫಾತಿಮಾ ಆಂಟಿಯನ್ನು ಮಾತಾಡಿಸಲು ಹೋದೆ. ಟೇಪ್ ರೆಕಾರ್ಡರ್ ಒತ್ತಿದ್ದೇ ತಡ, ಆಂಟಿ ದುಪಟ್ಟಾ ಸರಿಮಾಡಿಕೊಂಡು ಭಾಷಣಕ್ಕೆ ನಿಂತವರಂತೆ, "ಅಲ್ಲಿ ಎಲ್ಲಾ ಬಹಳ ಚೆನ್ನಾಗಿತ್ತು" ಅಂದರು. ಏನು ಕೇಳಿದರೂ ಅದೇ ಉತ್ತರ.

ಸೋತು, "ಬರ್ತೀನಿ ಆಂಟಿ" ಅಂತ ಎದ್ದೆ. ಕಳಿಸಿಕೊಡಲು ಬಂದವರು ಗೇಟು ಹಿಡಿದುಕೊಂಡೇ ಶುರು ಮಾಡಿದರು.

"ಚೆನ್ನಾಗಿತ್ತು ಅಂದೆ ನೋಡಪ್ಪಾ, ನಮ್ಮನೆಯವ್ರ ಮೊಣಕಾಲು ಆಪರೇಷನ್‌ಗೆ ಕಾಯಿಸಿ ಕಾಯಿಸಿ ಸಾಕು ಮಾಡಿದ್ರು. ಆದ್ರೆ ಹಾರ್ಟ್ ಅಟ್ಯಾಕ್ ಆದಾಗ, ಮೊದಲು ದುಡ್ಡು ಕಟ್ಟು ಅಂತ ಒಬ್ರೂ ಅನ್ನಲಿಲ್ಲ."

ನನ್ನ ಪ್ರಬಂಧಕ್ಕೆ ಬೇಕಾಗಿದ್ದೇ ಅದು. "ರೆಕಾರ್ಡ್ ಮಾಡ್ಕೊಳ್ಳಲಾ ಆಂಟಿ?"

"ಮಾಡ್ಕೊ. ನಾನೇನ್ ಸುಳ್ಳು ಹೇಳ್ತೀನಾ?"

ಅಲ್ಲಿಂದಾಚೆ, ಕೆನಡಾದಲ್ಲಿದ್ದು ಬಂದ ನಮ್ಮವರಲ್ಲಿ ಯಾರ ಮನೆಗೆ ಹೋದರೂ ಟೀ ಕುಡಿದು ಸೀದಾ ಗೇಟಿಗೆ ಬಂದುಬಿಡುತ್ತಿದ್ದೆ.

"ಎಲ್ಲಾ ಟೇಪಿನಲ್ಲೂ ಬರೀ ಹಕ್ಕಿ, ನಾಯಿ, ಕಾರಿನ ಸದ್ದು. ನಿಮ್ಮವರು ಒಳಗೆ ಕೂತು ಮಾತಾಡೋದಿಲ್ಲವಾ?" ಅಂತ ಕೇಳಿದರು ನನ್ನ ನ್ಯೂಜಿಲೆಂಡ್ ಪ್ರೊಫೆಸರು. ಒಳಗೆ ಕೂತರೆ ಬರೀ ಮರ್ಯಾದೆ ಸರ್, ಮಾತೆಲ್ಲ ಗೇಟಿನಲ್ಲೇ ಅಂದೆ. ಅವರು ಜೋರಾಗಿ ನಕ್ಕು, ನಾನು ಬರೆದುಕೊಟ್ಟಿದ್ದ ಅಧ್ಯಾಯ ತುಂಬಾ ಚೆನ್ನಾಗಿದೆ ಅಂದರು. ನಾನು ಬೀಗುತ್ತಾ ಎದ್ದೆ.

ಅವರು ನನ್ನ ಜೊತೆ ಬಾಗಿಲವರೆಗೆ ಬಂದು, ಹಿಡಿಕೆ ಹಿಡಿದು ನಿಂತು, "ಅಂದ ಹಾಗೆ, ಆ ಅಧ್ಯಾಯ ಪೂರ್ತಿ ಇನ್ನೊಂದು ಸಲ ಬರಿ" ಅಂದರು.