ಬೋಳುತಲೆಯವನ ಎರಡು ನಿಮಿಷ

ಇದನ್ನು ಬರೆಯುವುದನ್ನು ಎಷ್ಟೋ ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಇವತ್ತೂ ಪೆನ್ನು ಹಿಡಿದು ಕೂತವನು ಮೊಬೈಲಿನಲ್ಲಿ ಹಳೆಯ ಅಮೆರಿಕದ ಕಪ್ಪುಬಿಳುಪು ಸಿನಿಮಾ ನೋಡತೊಡಗಿದೆ. ಅವುಗಳಲ್ಲೊಬ್ಬ ಬೋಳುತಲೆಯ ಹಾಸ್ಯನಟನಿದ್ದಾನೆ. ಒಂದರಲ್ಲಿ ಹೋಟೆಲಿನ ಸಪ್ಲೈಯರು, ಇನ್ನೊಂದರಲ್ಲಿ ಜಡ್ಜಿ, ಮತ್ತೊಂದರಲ್ಲಿ ಲಿಫ್ಟಿನವನು. ಆಯಸ್ಸೆಲ್ಲ ಹೀಗೇ ಬಾಗಿಲು ತೆಗೆದು, ಹುಬ್ಬೇರಿಸಿ, ಎರಡು ನಿಮಿಷ ಮಾತಾಡಿ ಹೊರಟುಹೋದವನು. ನನ್ನ ಹೈಸ್ಕೂಲಿನ ಇಂಗ್ಲಿಷಿಗೆ ಅವನ ಮಾತು ದಕ್ಕುವುದಿಲ್ಲ, ಆದರೂ ನಗುತ್ತೇನೆ. ನಗುತ್ತಿರುವಾಗಲೇ, ಅವನಿನ್ನೂ ಬಾಗಿಲಲ್ಲಿರುವಾಗ, ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. "ಆ ಬೋಳ್ತಲೆಯವನ್ನ ಬಾಗ್ಲಲ್ಲೇ ನಿಲ್ಸ್ಕೊಂಡು ಅದೇನ್ ನೋಡ್ತೀರಿ?" ಎಂದು ಹೆಂಡತಿ ರೇಗುತ್ತಾಳೆ.

ನಮ್ಮೂರು ಆತಗೂರಿನ ಪಕ್ಕದ್ದು. ಪ್ರಾಯದಲ್ಲಿ ಊರಿನ ಪೌರಾಣಿಕ ನಾಟಕಕ್ಕೆ ನಾನು ಕೃಷ್ಣ, ಗೆಳೆಯ ನಿಂಗಣ್ಣ ಅರಮನೆಯ ಬಾಗಿಲು ಕಾಯುವವನು. ಅವನದು ಕೊನೆಯಲ್ಲಿ ಬರುವ ಒಂದೇ ಹಾಸ್ಯದ ಸೀನು. ಅದನ್ನು ನೋಡಲೆಂದೇ ಅವನ ಅವ್ವ ಬಸರಾಳಿನ ಮಗಳ ಮನೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ನನ್ನ ಹಾಡಿಗೆ ಜನ "ಒನ್ಸ್ ಮೋರ್" ಎಂದರು, ಹಾಡಿದೆ. ನೆಂಟರು ಒಬ್ಬೊಬ್ಬರಾಗಿ ಸ್ಟೇಜು ಹತ್ತಿ ಹಾರ ಹಾಕಿದರು. ಕೊರಳು ಮುಚ್ಚಿತು, ಬುದ್ಧಿಯೂ ಮುಚ್ಚಿತು.

"ಯಾಕಪ್ಪ ಕಿಸ್ಣ, ನಮ್ ನಿಂಗನ್ ಪಾರ್ಟು ಇನ್ನೂ ಬರ್ನಿಲ್ವಲ್ಲ?" ಎಂದು ಮುದುಕಿ ಕೆಳಗಿನಿಂದಲೇ ಕೂಗಿದಳು.

"ಈಗ ಬತ್ತದೆ ಕಣವ್ವ, ಕೂತ್ಕೊ" ಎಂದೆ.

ಪರದೆಯ ಪಕ್ಕದಿಂದ ನಿಂಗಣ್ಣ, "ಸಾಕು ಬುಡ್ಲಾ, ನಿನ್ ಕೊಳಲ್ಗೆ ಬೆಂಕಿ ಆಕ! ನಮ್ಮವ್ವ ಮೊದಲ್ನೇ ಬಸ್ಸಿಗೆ ಓಗ್ಬೇಕು" ಎಂದ. ನಾನು ಇನ್ನೊಮ್ಮೆ ಹಾಡಿದೆ. ಬೆಳಗಾಯಿತು. ಹಾರ್ಮೋನಿಯಂ ಮೇಷ್ಟ್ರು ಆ ಸೀನು ಬಿಟ್ಟು ನೇರ ಮಂಗಳ ಹಾಡಿಸಿದರು.

ಮುಖದ ಬಣ್ಣ ತೊಳೆಯದೆಯೇ ಅವನು ಅವ್ವನನ್ನು ಬಸ್‌ಸ್ಟಾಪಿಗೆ ಕರೆದೊಯ್ದ. ತಪ್ಪಾಯಿತು ಎನ್ನಲು ನಾನೂ ಹಿಂದೆ ಹೋದೆ. ಅಲ್ಲಿ ಹಾಲಿನ ಕ್ಯಾನುಗಳ ನಡುವೆ ಅವನು ಇಡೀ ಸೀನನ್ನು ಅವಳೊಬ್ಬಳಿಗೇ ಆಡಿ ತೋರಿಸುತ್ತಿದ್ದ. ಇಲ್ಲದ ಬಾಗಿಲು ತೆಗೆದು ಹುಬ್ಬೇರಿಸಿದ. ಮುದುಕಿ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ, ದೂರದಿಂದ ಗೊತ್ತಾಗಲಿಲ್ಲ. ನಗುವಾದರೆ ನನ್ನ ಕ್ಷಮಾಪಣೆ ಅದನ್ನು ಕೆಡಿಸೀತು, ಅಳುವಾದರೆ ಆ ಕ್ಷಮಾಪಣೆ ಸಾಲದು ಎಂದುಕೊಂಡು ಮರಳಿದೆ. ಅದು ಸಂಕೋಚವೋ ಹೇಡಿತನವೋ, ನೀವಾದರೂ ಹೇಳಿ, ನನಗಿನ್ನೂ ಬಗೆಹರಿದಿಲ್ಲ. ಅವನು ಮತ್ತೆ ಬಣ್ಣ ಹಚ್ಚಲಿಲ್ಲ. ಈಗ ಕ್ಷಮೆ ಕೇಳೋಣವೆಂದರೆ ಅವನೇ ಇಲ್ಲ.

ಇವತ್ತು ಬೋಳುತಲೆಯವನನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಒಳಗೆ ಬಂದ, ಹುಬ್ಬೇರಿಸಿದ, ತನ್ನ ಮಾತನ್ನು ಪೂರ್ತಿ ಆಡಿ ಹೋದ. ಆಮೇಲೆ ನಾಯಕ ಹಾಡಲು ಬಾಯಿ ತೆರೆದ, ಅವನನ್ನು ನಿಲ್ಲಿಸಿದೆ.